ಅರ್ಧ ಪೊಟ್ಟಣ

ಯೂಲೆಸ್, ಟೆಕ್ಸಸ್
ಮೇ 11, ಭಾನುವಾರ, ಚರ್ಚಿನಿಂದ ಬಂದ ಮೇಲೆ

ಪ್ರೀತಿಯ ಅತ್ತೆ,

ಮೊದಲು ಚಾಪೆ ಹಾಸಿಕೊಂಡು ಕೂತುಕೊಳ್ಳಿ, ಇದು ನಿಂತು ಓದುವ ಕಾಗದವಲ್ಲ. ಕನ್ನಡಕ ಹುಡುಕಿಕೊಂಡು ನೀವೇ ಓದಿ, ಬೇರೆಯವರ ಕೈಲಿ ಓದಿಸಬೇಡಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮ ಮನೆಯಲ್ಲಿ ಫೋನು ಒಂದು ಕಿವಿಗೆ ಹೋದರೆ ಸುತ್ತ ಇನ್ನೂ ಹನ್ನೊಂದು ಕಿವಿ ಬಂದು ಕೂರುತ್ತವೆ. ಮೈ ಹೇಗಿದೆ? ಮಂಡಿ ನೋಯುವುದು ಮೆಟ್ಟಿಲು ಹತ್ತುವಾಗಲೋ, ಇಳಿಯುವಾಗಲೋ? ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದೀರೋ, ಇಲ್ಲ ಹೋದ ವರ್ಷದ ಹಾಗೆ ಪಾದ್ರಿಗಳ ಹೆಂಡತಿಗೆ ಅರ್ಧ ಹಂಚಿಬಿಟ್ಟಿರೋ? ಹಂಚಿ ತಿನ್ನುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ, ಒಪ್ಪಿದೆ. ಮಾತ್ರೆಯೊಂದನ್ನು ಮಾತ್ರ ಬಿಟ್ಟುಬಿಡಿ. ಗಾಳಿಗೆ ಹಾರಿಹೋದ ಅಡುಗೆಮನೆಯ ತಗಡು ಸಿಕ್ಕಿತೇ? ಫೆಲೆಟಿ ಮೇಷ್ಟ್ರು ಇನ್ನೂ ಓಡಾಡಿಕೊಂಡಿದ್ದಾರೆಯೇ?

ಈ ಕಾಗದ ಸಿಗುವುದು ಡ್ರಮ್ಮಿನೊಳಗೆ. ಹಡಗು ನಿಧಾನ, ಆಗಸ್ಟಿಗೆ ಮುಂಚೆ ನಮ್ಮ ದ್ವೀಪಕ್ಕೆ, ಹಾಪಾಯಿಗೆ ಬಂದರೆ ಅದೃಷ್ಟ. ಸೆಮಿಸಿ ಎರಡು ವಾರದಿಂದ ಡ್ರಮ್ಮು ತುಂಬಿಸುತ್ತಿದ್ದಾನೆ. ನನ್ನ ಗಂಡ ಮನೆಯಲ್ಲಿ ಒಂದು ಅಂಗಿ ಮಡಚಿದವನಲ್ಲ, ಡ್ರಮ್ಮಿನೊಳಗೆ ಮಾತ್ರ ಟವೆಲ್ಲುಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸುತ್ತಾನೆ. ಸೋಪು, ಅಕ್ಕಿ, ಮಕ್ಕಳ ಚಪ್ಪಲಿ, ಡಬ್ಬಿ ಮಾಂಸ ಇಪ್ಪತ್ನಾಲ್ಕು. ಉಪ್ಪಿನ ಮಾಂಸ ಮುಟ್ಟಬೇಡಿ ಎಂದು ಹೋದ ಕಾಗದದಲ್ಲಿ ಎರಡು ಪುಟ ಬರೆದಿದ್ದೆ, ಗೊತ್ತು. ಉಪದೇಶ ಕಾಗದದಲ್ಲಿ, ಉಪ್ಪು ಡಬ್ಬಿಯಲ್ಲಿ. ನನ್ನ ಕಸುಬಿನ ಕಥೆಯೇ ಇಷ್ಟು.

ಊರಲ್ಲಿ ಯಾರಾದರೂ ಕೇಳಿದರೆ ನೀವು "ನಮ್ಮ ನೈತೆ ದೊಡ್ಡ ಕಾಲೇಜಲ್ಲಿ ಅಡುಗೆಯೋಳು" ಅನ್ನುತ್ತೀರಂತೆ. ನಾನು ಅಡುಗೆ ಮಾಡುವುದಿಲ್ಲ ಅತ್ತೆ. ಬೇರೆಯವರು ಮಾಡಿದ್ದನ್ನು ಆಟದ ಹುಡುಗ ಹುಡುಗಿಯರು ಯಾವಾಗ ತಿನ್ನಬೇಕು, ಎಷ್ಟು ತಿನ್ನಬೇಕು, ಯಾಕೆ ತಿನ್ನಬೇಕು ಎಂದು ಹೇಳುವವಳು. ನಾನೂರು ಆಟಗಾರರಿಗೆ ನಾನೊಬ್ಬಳು. ಅವರಿಗೆ ನನಗಿಂತ ಫೋನಿನ ಮೇಲೆ ನಂಬಿಕೆ. ಹೋದ ವಾರ ಹರ್ಡಲ್ಸ್ ಓಡುವವಳೊಬ್ಬಳು ಬಂದು, "ಮಿಸ್, ಸಂಜೆ ಏಳರ ಮೇಲೆ ತಿಂದಿದ್ದೆಲ್ಲ ಕೊಬ್ಬಾಗತ್ತಂತೆ, ನಿಜವಾ?" ಎಂದಳು. ಯಾರು ಹೇಳಿದ್ದು ಅಂದೆ. "ಫೋನಲ್ಲಿ ಒಬ್ಬ." ಅವನೇನು ಓದಿದ್ದಾನೆ ಅಂದೆ. "ಅದು ಗೊತ್ತಿಲ್ಲ. ಆದ್ರೆ ಹೊಟ್ಟೆ ಮೇಲೆ ಆರು ಗೆರೆ ಇದೆ." ನನ್ನ ಹೊಟ್ಟೆಯ ಮೇಲೆ ಗೆರೆಯಿಲ್ಲ, ಇರುವುದು ಮಡಿಕೆ. ವಾದ ಅಲ್ಲಿಗೆ ಮುಗಿಯಿತು.

ಅದಕ್ಕೇ ಪ್ರತಿ ಆಗಸ್ಟಿನಲ್ಲಿ ಅವರಿಗೆಲ್ಲ ನಲವತ್ತು ಪ್ರಶ್ನೆಗಳ ಪರೀಕ್ಷೆ ಇಡುತ್ತೇನೆ. ಬೆವರಿದ ಮೇಲೆ ಏನು ಕುಡಿಯಬೇಕು, ಪ್ರೋಟೀನು ಯಾವುದರಲ್ಲಿದೆ, ಅನ್ನ ಶತ್ರುವೋ ಮಿತ್ರನೋ. ಸಾಧಾರಣವಾಗಿ ಇಪ್ಪತ್ತು ದಾಟಿದವರನ್ನು ಕಂಡರೆ ತಬ್ಬಿಕೊಳ್ಳಬೇಕು ಅನ್ನಿಸುತ್ತದೆ. ಈ ಸಲ ಒಬ್ಬಳು ಮೂವತ್ತೇಳು ತೆಗೆದಳು. ಗುಂಡು ಎಸೆಯುವವಳು, ಹೊಸಬಳು, ಹೆಸರು ತೊಕಿಲುಪೆ. ಹೌದು, ನಮ್ಮ ದ್ವೀಪಗಳ ಕಡೆಯವಳೇ. ಇಲ್ಲೇ ಯೂಲೆಸ್‌ನಲ್ಲಿ, ವಿಮಾನ ನಿಲ್ದಾಣದ ಬೇಲಿಯಾಚೆ ಮನೆ. ತಂದೆ ತಾಯಿ ಇಲ್ಲ, ಸಾಕಿದ್ದು ತಂದೆಯ ಅಕ್ಕ ಇಲೈಸಾನೆ, ನನ್ನಪ್ಪನ ಅಕ್ಕ ನೀವು ನನ್ನನ್ನು ಸಾಕಿದ ಹಾಗೆ. ಚರ್ಚಿನಲ್ಲಿ ನಮಗಿಂತ ಮೂರು ಬೆಂಚು ಮುಂದೆ ಕೂರುವ, ಹಾಡು ತಪ್ಪಿದರೆ ತಿರುಗಿ ನೋಡುವ ಹೆಂಗಸು. ಲುಪೆಗೆ ಹತ್ತೊಂಬತ್ತು ವರ್ಷ, ಬಾಗಿಲಲ್ಲಿ ನಿಂತರೆ ಬಾಗಿಲು ಕಾಣಿಸುವುದಿಲ್ಲ, ಮಾತು ಮಾತ್ರ ಹಕ್ಕಿಯಷ್ಟು. ನಮ್ಮ ಚರ್ಚಿನಿಂದ ಆಟದ ಬಲದಲ್ಲಿ ಕಾಲೇಜಿಗೆ ಬಂದ ಮೊದಲ ಹುಡುಗಿ. ಅವಳ ಮೂವತ್ತೇಳನ್ನು ನಾನು ಸಭೆಯಲ್ಲಿ ತೆರೆಯ ಮೇಲೆ ಹಾಕಿ ತೋರಿಸಿದೆ, ನಾನೇ ಹೆತ್ತ ಹಾಗೆ.

ಅಭ್ಯಾಸದ ಕೋಣೆಯ ಪಕ್ಕದಲ್ಲಿ ನಮ್ಮದೊಂದು ತಿಂಡಿ ಕೋಣೆ ಇದೆ. ನಾಲ್ಕು ಗಂಟೆಗೆ ಅಭ್ಯಾಸ ಮುಗಿಸಿ ಬಂದವರಿಗೆ ಅಲ್ಲಿ ತಿಂಡಿ ಚೀಲ. ಲುಪೆಯಂಥ ಭಾರದ ಆಟದವರಿಗೆ ನಾನೇ ಬರೆದುಕೊಟ್ಟ ದೊಡ್ಡ ಚೀಲ: ಅನ್ನದ ಡಬ್ಬಿ, ಬೇಯಿಸಿದ ಮೊಟ್ಟೆ, ಕಡಲೆಕಾಯಿ ಬೆಣ್ಣೆ ಹಚ್ಚಿದ ಬ್ರೆಡ್ಡು, ಹಾಲು, ಬಾಳೆಹಣ್ಣು. ಕೋಣೆ ನೋಡಿಕೊಳ್ಳುವ ಡಾರ್ಲೀನ್ ಜನವರಿಯಲ್ಲಿ ಒಂದು ದಿನ ನನ್ನ ಮೇಜಿಗೆ ಬಂದು ಸದ್ದಿಲ್ಲದೆ ಹೇಳಿದಳು: "ಆ ನಿಮ್ಮ ಹುಡುಗಿ ಇದ್ದಾಳಲ್ಲ, ದಿನಾ ಚೀಲ ಹೊತ್ಕೊಂಡು ಹೋಗ್ತಾಳೆ. ಇಲ್ಲಿ ಒಂದು ತುತ್ತೂ ಬಾಯಿಗಿಡಲ್ಲ. ಎಲ್ಲಿಗೆ ಹೋಗತ್ತೋ ಯಾರಿಗ್ಗೊತ್ತು." ನಿಮ್ಮ ಹುಡುಗಿ ಎಂದಳು ನೋಡಿ, ಅದು ನನಗೆ ಚುಚ್ಚಿತು. ನಮ್ಮವಳೆಂದು ನಾನು ಸಡಿಲ ಬಿಟ್ಟೆ ಎಂದು ಯಾರೂ ಅನ್ನಬಾರದು ಎಂದುಕೊಂಡೆ. ಅವಳನ್ನು ಕರೆದು ಒಂದು ಮಾತು ಕೇಳಲಿಲ್ಲ. ಬೋರ್ಡು ಬರೆಸಿದೆ. ನನ್ನ ಪ್ರಾಸದ ಚಟ ನಿಮಗೆ ಗೊತ್ತು, ಸ್ಮಶಾನದಲ್ಲೂ ಬಿಡುವುದಿಲ್ಲ ಎಂದು ಬೈದವರು ನೀವೇ. ದೊಡ್ಡ ಅಕ್ಷರದಲ್ಲಿ, ನಾಲ್ಕು ಮೊಳೆ ಹೊಡೆದು:

ತಿಂದರೆ ಇಲ್ಲೇ ತಿನ್ನು,
ಒಯ್ದರೆ ಇಲ್ಲ ಇನ್ನು.

ಎಲ್ಲರೂ ನಕ್ಕರು. ಗಾರ್ಲಂಡ್, ಎಸೆತದವರ ಕೋಚು, ಅದನ್ನು ಫೋನಿನಲ್ಲಿ ಹಿಡಿದು ತನ್ನ ಹೆಂಡತಿಗೆ ಕಳಿಸಿದ. ನಾನು ಎರಡು ದಿನ ಬೀಗಿಕೊಂಡು ಓಡಾಡಿದೆ. ಬೀಗಿದ್ದು ಸಾಲದೆಂದು ಲುಪೆಯ ಕಡತದಲ್ಲಿ ನನ್ನ ಕೈಯಾರೆ ಒಂದು ಸಾಲನ್ನೂ ಬರೆದೆ: "ಆಹಾರ ಹೊರಗೆ ಸಾಗಿಸುವ ಅಭ್ಯಾಸವಿದೆ. ಮಾತು ನಂಬುವಂತಿಲ್ಲ." ಕೆಳಗೆ ಸಹಿ, ತಾರೀಖು.

ಮಾರನೆಯ ದಿನದಿಂದ ಅವಳು ಬರುತ್ತಿದ್ದಳು, ಬೋರ್ಡಿನ ಕೆಳಗಿನ ಮೇಜಿನಲ್ಲಿ ಕೂರುತ್ತಿದ್ದಳು, ಒಂದು ಲೋಟ ನೀರು ಕುಡಿದು ಹೋಗುತ್ತಿದ್ದಳು. ತಿನ್ನೋದಿಲ್ವಾ ಅಂದರೆ, "ಮನೇಲಿ ತಿಂತೀನಿ ನೈತೆ ಅಕ್ಕ." ನಾನು ತಲೆಯಾಡಿಸಿದೆ. ವಾರಕ್ಕೊಮ್ಮೆ ತೂಕ ನೋಡುತ್ತಿದ್ದೆ, ತೂಕ ಇಳಿದಿರಲಿಲ್ಲ. ಮೂವತ್ತೇಳು ಅಂಕದ ಹುಡುಗಿ, ಅವಳಿಗೆ ನಾನು ಹೇಳುವುದೇನಿದೆ? ಎರಡು ತಿಂಗಳು ಹೀಗೇ ನಡೆಯಿತು. ಗುಂಡು ಮಾತ್ರ ವಾರದಿಂದ ವಾರಕ್ಕೆ ಹತ್ತಿರ ಹತ್ತಿರ ಬೀಳುತ್ತಿತ್ತು. ಗಾರ್ಲಂಡ್ ಅವಳಿಗೆ, "ತಲೆ ಎಲ್ಲಿಟ್ಟಿದೀಯ? ಯಾವನಾದ್ರೂ ಸಿಕ್ಕಿದ್ದಾನಾ?" ಎಂದು ಛೇಡಿಸುತ್ತಿದ್ದ.

ಮಾರ್ಚ್ ಮುಗಿಯುವ ಹೊತ್ತಿಗೆ ಒಂದು ಗುರುವಾರ ಬೆಳಿಗ್ಗೆ. ಅವಳು ತನ್ನ ದೊಗಲೆ ಅಂಗಿಯಲ್ಲಿ ತೂಕದ ಯಂತ್ರ ಹತ್ತಿದಳು. ನಾನು ಅಂಕಿ ಬರೆದುಕೊಂಡೆ, ಸರಿಯಾಗಿತ್ತು. ಇಳಿಯುವಾಗ ಕಾಲು ಎಲ್ಲಿಡಬೇಕೆಂದು ಗೊತ್ತಾಗದವಳ ಹಾಗೆ ಒಂದು ಕ್ಷಣ ನಿಂತಳು. ಆಮೇಲೆ ಬಿದ್ದಳು. ಬಲಗೈ ಅಡಿಗೆ ಸಿಕ್ಕಿತು, ಎಸೆಯುವ ಕೈ. ಮುರಿದದ್ದು ನನಗೆ ಕೇಳಿಸಿತು ಅತ್ತೆ. ಅದರ ಹಿಂದೆಯೇ ಇನ್ನೊಂದು ಸದ್ದು. ಅಂಗಿಯ ಒಳಗಿನಿಂದ ಕಬ್ಬಿಣದ ಬಿಲ್ಲೆಗಳು ಜಾರಿ ಬಿದ್ದವು, ಭಾರ ಎತ್ತುವ ಸಲಾಕೆಗೆ ಸಿಕ್ಕಿಸುತ್ತಾರಲ್ಲ, ಅವು. ಮೂರು ಬಿದ್ದಲ್ಲೇ ಮಲಗಿದವು. ಒಂದು ನಿಧಾನವಾಗಿ ಉರುಳುತ್ತಾ, ಯಾರನ್ನೋ ಹುಡುಕಿಕೊಂಡು ಬಂದ ಹಾಗೆ ಬಂದು, ನನ್ನ ಬೂಟಿಗೆ ಒರಗಿ ನಿಂತಿತು. ಒಟ್ಟು ಏಳು ಕಿಲೋ. ಏಳು ಕಿಲೋ ಹುಡುಗಿ ಕರಗಿಹೋಗಿದ್ದಳು, ನಾನು ಪ್ರತಿ ವಾರ ಕಬ್ಬಿಣ ತೂಗಿ ಸೈ ಎನ್ನುತ್ತಿದ್ದೆ.

ಆ ಸಂಜೆ ಅವಳ ಮನೆಗೆ ಹೋದೆ. ಇಲೈಸಾನೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು. ಹಸಿದ ಮನೆಯಲ್ಲ ಅದು, ಡಾರ್ಲೀನ್‌ ಅಂದುಕೊಂಡ ಹಾಗೆ ಮಾರಿಕೊಂಡದ್ದೂ ಅಲ್ಲ. ಚೀಲ ಮನೆಗೆ ಬರುತ್ತಿದ್ದಷ್ಟು ದಿನ ಲುಪೆ ಅದನ್ನು ಬಿಚ್ಚದೆ ತನ್ನ ಅತ್ತೆಯ ಮುಂದೆ ಚಾಪೆಯ ಮೇಲೆ ಇಡುತ್ತಿದ್ದಳು. ಇಲೈಸಾನೆ ಪ್ರಾರ್ಥನೆ ಹೇಳಿ, ತನ್ನ ಮೂರು ಹೆಣ್ಣುಮಕ್ಕಳಿಗೂ ಲುಪೆಗೂ ಹಂಚಿ, ಕೊನೆಗೆ ತಾನೊಂದು ಬಾಳೆಹಣ್ಣು ತಿನ್ನುತ್ತಿದ್ದಳು. ಆ ಮೇಲೆ ಮನೆಯ ಊಟ, ಎಲ್ಲರಿಗೂ ಹೊಟ್ಟೆ ತುಂಬ. ಹುಡುಗಿ ತನ್ನ ತೋಳಿನಿಂದ ದುಡಿದು ತಂದ ಮೊದಲ ಬೆಳೆ, ಅದು ತಂದೆಯ ಅಕ್ಕನಿಗೆ ಹೋಗದೆ ಇನ್ನಾರಿಗೆ ಹೋಗಬೇಕು? ಚರ್ಚಿನಲ್ಲಿ ಇಲೈಸಾನೆ ಎಲ್ಲರಿಗೂ ಹೇಳಿಕೊಂಡಿದ್ದಳಂತೆ, ನಮ್ಮ ಲುಪೆಯ ಕಾಲೇಜು ನಮಗೂ ಉಣಿಸುತ್ತದೆ ಎಂದು. ನನ್ನ ಬೋರ್ಡು ಬಂದ ಮೇಲೆ ಹುಡುಗಿ ಬರಿಗೈಯಲ್ಲಿ ಬಂದಳು. ಬೋರ್ಡಿನ ಮಾತು ಮನೆಯಲ್ಲಿ ಹೇಳಲಿಲ್ಲ, ನನ್ನ ಹೆಸರು ಕೆಡುತ್ತದೆಂದು. ಆ ಮೂರು ಹುಡುಗಿಯರು ಅವಳ ಖಾಲಿ ಕೈ ನೋಡಿದರಂತೆ. ಅಂದಿನಿಂದ ರಾತ್ರಿಯ ಊಟದಲ್ಲಿ ತನ್ನ ತಟ್ಟೆಯದನ್ನು ಅವರ ತಟ್ಟೆಗೆ ಸುರಿದು, "ಕಾಲೇಜಲ್ಲಿ ಹೊಟ್ಟೆ ಬಿರಿಯ ತಿಂದ್ಬಂದೆ, ಅತ್ತೆ" ಅನ್ನುವುದು. ಇಲ್ಲಿ ಕೇಳಿದರೆ ಅಲ್ಲಿ ತಿಂದೆ, ಅಲ್ಲಿ ಕೇಳಿದರೆ ಇಲ್ಲಿ ತಿಂದೆ. ನನ್ನ ಮೇಜಿನಲ್ಲಿ ಒಬ್ಬಳೇ ಕೂತು ತಿನ್ನುವುದು ಅವಳಿಂದ ಆಗಲಿಲ್ಲ. ನನ್ನ ನಲವತ್ತು ಪ್ರಶ್ನೆಗಳಲ್ಲಿ ಏನು ತಿನ್ನುತ್ತೀ ಎಂದಿತ್ತು, ಯಾವಾಗ ಎಂದಿತ್ತು. ಯಾರ ಜೊತೆ ಎಂದು ಎಲ್ಲೂ ಇರಲಿಲ್ಲ. ಹೊರಡುವಾಗ ಇಲೈಸಾನೆ ಕೇಳಿದಳು: "ನೀನು ಹಾಪಾಯಿಯೋಳಲ್ವಾ? ಅಲ್ಲಿ ಮನೆಗಳಲ್ಲಿ ಒಬ್ಬೊಬ್ರೇ ಕೂತು ತಿಂತಾರಾ?" ನಾನು ಇಲ್ಲ ಎಂದೆ. "ಹಾಗಾದ್ರೆ ಇದನ್ನ ಎಲ್ಲಿ ಕಲಿತೆ?" ಅದರ ಉತ್ತರ ಬಾಗಿಲಲ್ಲಿ ನಿಂತು ಹೇಳುವಂಥದ್ದಾಗಿರಲಿಲ್ಲ.

ಈಗ ನಾನು ನಾಚಿ ಬರೆಯುವ ಭಾಗ. ಇಷ್ಟೆಲ್ಲ ತಿಳಿದ ಮೇಲೂ ನಾನು ಆರು ವಾರ ಬಾಯಿ ಬಿಡಲಿಲ್ಲ. ಕೈ ಮುರಿದವಳು ಈ ವರ್ಷ ಎಸೆಯುವಂತಿಲ್ಲ. ತೂಕದಲ್ಲಿ ಮೋಸ ಮಾಡಿದವಳು, ತಿಂಡಿ ಸಾಗಿಸಿದವಳು, ಇವಳನ್ನು ಇಟ್ಟುಕೊಳ್ಳಬೇಕೋ ಮನೆಗೆ ಕಳಿಸಬೇಕೋ ಎಂದು ಸಭೆ ಕರೆದರು. ಕಾಲೇಜಿನಿಂದ ಹೊರಬಿದ್ದರೆ ಅವಳ ಓದೂ ಹೋಯಿತು, ಎಸೆತವೂ ಹೋಯಿತು, ಬೆಲ್ಟಿನ ಮೇಲೆ ಸೂಟ್‌ಕೇಸು ಎತ್ತಿಹಾಕುವ ಕೆಲಸಕ್ಕೆ ವಿಮಾನ ನಿಲ್ದಾಣ ಹೇಗೂ ಬೇಲಿಯಾಚೆಯೇ ಇದೆ. ನಾನು ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗುತ್ತಿದ್ದೆ, ಸಂಜೆ ನಾಳೆ ಹೇಳುತ್ತೇನೆ ಎಂದುಕೊಂಡು ಬರುತ್ತಿದ್ದೆ. ಬೋರ್ಡನ್ನು ಕೂಡ ಕೀಳಲಿಲ್ಲ. ಕಿತ್ತರೆ ಯಾಕೆಂದು ಕೇಳುತ್ತಾರಲ್ಲ.

ಮೊನ್ನೆ ಶುಕ್ರವಾರ ಸಭೆ. ಗಾರ್ಲಂಡ್ ಕಡತ ತೆರೆದು ನನ್ನ ಸಾಲನ್ನೇ ಓದಿದ. ಮಾತು ನಂಬುವಂತಿಲ್ಲ. ಓದಿ ನನ್ನ ಕಡೆ ತಿರುಗಿ, "ನೀನೇ ಬರೆದಿದೀಯಲ್ಲ ನೈತೆ. ನಿಮ್ಮೋಳ ವಿಷಯ ನಿನಗಿಂತ ನಮಗೆ ಗೊತ್ತಿರತ್ತಾ?" ಎಂದ. ಅವನು ಕೆಟ್ಟವನಲ್ಲ, ನಾನು ಕೊಟ್ಟ ಕೋಲಿನಿಂದ ಹೊಡೆಯುತ್ತಿದ್ದ ಅಷ್ಟೆ. ಲುಪೆ ಎದುರಿಗೇ ಕೂತಿದ್ದಳು, ಕೈಗೆ ಬಿಳಿಯ ಕಟ್ಟು. ನನ್ನತ್ತ ನೋಡಲಿಲ್ಲ. ಯಾರದೋ ತಪ್ಪು ತನ್ನ ಮೇಲೆ ಬಿದ್ದಾಗ ಸುಮ್ಮನೆ ಕೂರುತ್ತಾರಲ್ಲ ಕೆಲವರು, ಆ ಕೂರುವಿಕೆ ನನಗೆ ಬಹಳ ಹಳೆಯ ಪರಿಚಯ ಅತ್ತೆ. ಎದ್ದು ನಿಂತೆ. ಆ ಸಾಲು ಸುಳ್ಳು, ನಾನು ಕೇಳದೆ ಬರೆದದ್ದು ಎಂದೆ. ಅವಳು ಕದ್ದಿಲ್ಲ, ತನ್ನ ಪಾಲನ್ನು ಮನೆಯ ಹಿರಿಯಳಿಗೆ ಕೊಟ್ಟಳು, ಹಾಗೆ ಕೊಡುವುದು ನಮ್ಮಲ್ಲಿ ಮರ್ಯಾದೆ, ಅದು ನನಗೆ ಗೊತ್ತಿರಬೇಕಿತ್ತು, ಗೊತ್ತೂ ಇತ್ತು ಎಂದೆ. ಬಿಲ್ಲೆ ಕಟ್ಟಿಕೊಂಡದ್ದು ಅವಳ ತಪ್ಪು. ಕಟ್ಟಿಕೊಳ್ಳುವ ಹಾಗೆ ಮಾಡಿದ್ದು ನನ್ನದು. ಎರಡು ತಿಂಗಳು ಅವಳ ಮುಖ ನೋಡದೆ ಬರಿಯ ಅಂಕಿ ನೋಡಿದ್ದೂ ನನ್ನದೇ.

ಹುಡುಗಿ ಉಳಿದಳು. ಮುಂದಿನ ವರ್ಷವೂ ಅವಳ ಜಾಗ ಅವಳದೇ. ನನ್ನ ಸಾಲಿನ ಮೇಲೆ ಕೆಂಪು ಗೀಟು ಎಳೆದರು. ಅದರ ಬದಲು ನನ್ನ ಕಡತದಲ್ಲಿ ಒಂದು ಸಾಲು ಸೇರಿಸಿದ್ದಾರೆ, ಅದಕ್ಕೆ ಪ್ರಾಸವಿಲ್ಲ. ಜೂನ್‌ನಲ್ಲಿ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ನೋಡಬೇಕು. ಬೋರ್ಡು ಕಿತ್ತೆ. ಗೋಡೆಯಲ್ಲಿ ನಾಲ್ಕು ತೂತು ಉಳಿದಿವೆ, ಡಾರ್ಲೀನ್ ಅದರ ಮೇಲೆ ಕ್ಯಾಲೆಂಡರು ತೂಗುಹಾಕೋಣ ಎಂದಳು, ನಾನು ಬೇಡ ಎಂದೆ.

ಅಪ್ಪ ಸತ್ತಾಗ ನೀವು ನನಗೆ ಸುತ್ತಿದ ಆ ಹರಕು ಚಾಪೆಯನ್ನು ನಿನ್ನೆ ಪೆಟ್ಟಿಗೆಯಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಂಡು, ನಮ್ಮಲ್ಲಿ ಕ್ಷಮೆ ಬೇಡುವವರು ಕೂರುವ ಹಾಗೆ, ಇಲೈಸಾನೆಯ ಅಂಗಳದಲ್ಲಿ ಹೋಗಿ ಕೂತೆ. ಟೆಕ್ಸಸ್ಸಿನ ಬಿಸಿಲು, ಪಕ್ಕದ ಮನೆಯವನು ಹುಲ್ಲು ಕತ್ತರಿಸುವುದು ನಿಲ್ಲಿಸಿ ನೋಡಿದ, ತಲೆಯ ಮೇಲೆ ಒಂದರ ಹಿಂದೆ ಒಂದು ವಿಮಾನ. ಅವಳು ಒಳಗಿನಿಂದ ನೋಡುತ್ತಿದ್ದಳು, ಬರಲಿಲ್ಲ. ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆದು, "ಒಳಗೆ ಬಾ, ಸಾಕು. ನೀನಿಲ್ಲಿ ಬಿಸಿಲಿಗೆ ಬಿದ್ರೆ ಅದನ್ನೂ ನಮ್ಮ ಲುಪೆ ಕಡತದಲ್ಲಿ ಬರೀತಾರೆ" ಎಂದಳು. ಒಳಗೆ ಕೆಸುವಿನೆಲೆಯಲ್ಲಿ ಕಟ್ಟಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಮಾಂಸ. ಎಲ್ಲರೂ ಚಾಪೆಯ ಮೇಲೆ ಕೂತೆವು. ನಾನು ತಿನ್ನದೆ ಎಲೆಯ ಗಂಟು ಬಿಚ್ಚುತ್ತಲೇ ಇದ್ದೆ. ಲುಪೆ ಎಡಗೈಯಲ್ಲಿ ತಿನ್ನುತ್ತಾ, ತಲೆ ಎತ್ತದೆ, "ತಿಂದರೆ ಇಲ್ಲೇ ತಿನ್ನು, ನೈತೆ ಅಕ್ಕ" ಎಂದಳು. ಮೂರೂ ಮಕ್ಕಳು ಒಟ್ಟಿಗೆ ಎರಡನೆಯ ಸಾಲು ಹಾಡಿದವು. ಇಲೈಸಾನೆ ನಕ್ಕಳು, ನಾನು ಅತ್ತುಬಿಟ್ಟೆ, ಆಮೇಲೆ ತಿಂದೆ, ಎರಡು ಸಲ ಬಡಿಸಿಕೊಂಡು.

ಗುಟ್ಟು ಬಯಲಾದ ಮೇಲೆ ಮನೆಯಲ್ಲಿ ಉಂಡು ಲುಪೆ ಎರಡು ಕಿಲೋ ಏರಿದ್ದಾಳೆ. ಈ ಸಲ ಬರಿಯ ಮಾಂಸ, ಕಬ್ಬಿಣವಿಲ್ಲ. ನಾಳೆಯಿಂದ ನಾಲ್ಕು ಗಂಟೆಗೆ ನಾನೂ ನನ್ನ ತಟ್ಟೆ ತೆಗೆದುಕೊಂಡು ಹೋಗಿ ಅವಳೆದುರು ಕೂರುತ್ತೇನೆ. ಅವಳು ತಿನ್ನುತ್ತಾಳೆ. ಇನ್ನೊಂದು ಚೀಲ ಮನೆಗೆ ಹೋಗುತ್ತದೆ, ನನ್ನ ಅಪ್ಪಣೆಯ ಮೇಲೆ, ಸಹಿ ಸಮೇತ.

ಅತ್ತೆ, ನಿಮ್ಮ ಕಾಲಿನ ಊತ ಇಳಿಯದಿದ್ದರೆ ದೋಣಿ ಹತ್ತಿ ಆಸ್ಪತ್ರೆಗೆ ಹೋಗಿ, ಪಾದ್ರಿಗಳ ಪ್ರಾರ್ಥನೆ ಜೊತೆಗಿರಲಿ, ಅದೊಂದೇ ಬೇಡ. ದೇವರು ನಿಮ್ಮ ಅಡುಗೆಮನೆಗೆ ತಗಡನ್ನೂ ಮಂಡಿಗೆ ಎಣ್ಣೆಯನ್ನೂ ಕೊಡಲಿ. ನಿಮ್ಮ ಕೈಗೆ ನನ್ನ ಹಣೆ ಮುಟ್ಟಿಸಿದ್ದೇನೆಂದು ತಿಳಿಯಿರಿ.

ನೀವು ಬೆಳೆಸಿದ,
ಮೆಲೆನೈತೆ

ಮರೆತು ಬರೆಯುತ್ತಿರುವುದಲ್ಲ, ಮುಂದೂಡಿ ಬರೆಯುತ್ತಿರುವುದು: ಡ್ರಮ್ಮಿನ ಲಾರಿ ಬಂದಿದೆ. ಸೆಮಿಸಿ ಕೆಳಗಿನಿಂದ "ಮುಚ್ಚಳ ಹಾಕ್ತೀನಿ, ಬೇಗ!" ಎಂದು ಕೂಗುತ್ತಿದ್ದಾನೆ. ನನಗೆ ಒಂಬತ್ತು ವರ್ಷವಾಗಿದ್ದಾಗ ಶಾಲೆಯ ಓಟದಲ್ಲಿ ಗೆದ್ದು ತಂದ ಬಿಸ್ಕತ್ತಿನ ಪೊಟ್ಟಣ ಅರ್ಧವೇ ಇತ್ತು, ನೆನಪಿದೆಯಾ? ಶಾಲೆಯಲ್ಲಿ ಅಷ್ಟೇ ಕೊಟ್ಟರು ಎಂದೆ. ನೀವು ಫೆಲೆಟಿ ಮೇಷ್ಟ್ರ ಬೇಲಿಯ ಮುಂದೆ ನಿಂತು, "ಮೇಷ್ಟ್ರಾಗಿ ಮಗೂನ ಬಿಸ್ಕತ್ತು ಒಬ್ರೇ ಕೂತು ತಿಂದ್ರಲ್ಲ, ಗಂಟ್ಲಲ್ಲಿ ಹೇಗಿಳೀತು ರೀ?" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಿರಿ. ಅವರು ನನ್ನತ್ತ ಒಮ್ಮೆ ನೋಡಿದರು, ಒಂದು ಮಾತೂ ಆಡಲಿಲ್ಲ. ಆವತ್ತಿನಿಂದ ಅವರ ಹೆಸರು ಅರ್ಧ ಪೊಟ್ಟಣ. ಅತ್ತೆ, ಅವರು ಪೂರ್ತಿ ಕೊಟ್ಟಿದ್ದರು. ದೋಣಿ ಗುಡಿಸಲಿನ ಹಿಂದೆ ಒಬ್ಬಳೇ ಕೂತು ತಿಂದವಳು ನಾನು. ಡ್ರಮ್ಮಿನಲ್ಲಿ ಎಲ್ಲಕ್ಕಿಂತ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಬಿಸ್ಕತ್ತಿನ ಪೊಟ್ಟಣ ಇದೆ. ಅದನ್ನು ಯಾರಿಗೂ ಹಂಚಬೇಡಿ. ಒಡೆಯದೆ ಮೇಷ್ಟ್ರಿಗೆ ಕೊಡಿ. ಅದೇ ಬೇಲಿಯ ಮುಂದೆ ನಿಂತು, ಆವತ್ತು ಕೂಗಿದಷ್ಟೇ ಜೋರಾಗಿ ನನ್ನ ಹೆಸರು ಹೇಳಿ.